ರೆಂಡಿಷನ್ ಎಂಬ ಮಾತು



ಇಂಗ್ಲಿಷ್ ಭಾಷೆಯಲ್ಲಿ ನಿತ್ಯವ್ಯವಹಾರಕ್ಕೆ ಅಷ್ಟಾಗಿ ಬಾರದೆ, ನಿಘಂಟಿನ ಪುಟಗಳಲ್ಲಿಯೇ ಹೆಚ್ಚು ಕಾಲ ಕಳೆಯುವ ಶಬ್ದಗಳು ಅನೇಕವಾಗಿವೆ. ‘ರೆಂಡಿಷನ್’ ಎಂಬುದು ಅಂತಹ ಒಂದು ಶಬ್ದ. ಆ ಭಾಷೆಯನ್ನು ಮನೆಯ ಮಾತಾಗಿ ಆಡುವವರಲ್ಲಿಯೂ ಬಹುಮಂದಿಗೆ ಈ ಪದವು ಸಂಗೀತ ಕಚೇರಿಯ ವಿಮರ್ಶೆಯಲ್ಲಿ ಕಂಡದ್ದಲ್ಲದೆ ಬೇರೆ ಪರಿಚಯವಿರಲಾರದು. ಆದರೆ ನಮ್ಮ ಮೈಸೂರಿನಲ್ಲಿ ಇದರ ಸ್ಥಾನವೇ ಬೇರೆ. ಈ ನಾಡಿನ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದವರು ‘ರೆಂಡಿಷನ್ನಿಗೆ ಮುಂಚೆ’, ‘ರೆಂಡಿಷನ್ನಿನ ತರುವಾಯ’ ಎಂದು ಕಾಲವನ್ನೇ ಎರಡಾಗಿ ಭಾಗಿಸಿದ್ದಾರೆ. 1881ನೆಯ ಇಸವಿ ಮಾರ್ಚಿ 25ರಂದು ಬ್ರಿಟಿಷರು ಮೈಸೂರು ರಾಜ್ಯದ ಆಡಳಿತವನ್ನು ಶ್ರೀ ಚಾಮರಾಜೇಂದ್ರ ಒಡೆಯರಿಗೆ ಒಪ್ಪಿಸಿದ ಸಂಗತಿಗೆ ನಿಂತ ಹೆಸರು ಇದು. ಹೀಗೆ ಅಪರೂಪದ ಒಂದು ಪರಭಾಷಾಪದವು ಒಂದು ದೇಶದ ಶಕೆಯ ಗುರುತಾದುದು ವಿಚಾರಾರ್ಹವಾದ ವಿಷಯ. ಇದರ ಅರ್ಥವೇನು, ಪ್ರಯೋಗವೆಂತಹುದು, ಕನ್ನಡದಲ್ಲಿ ಇದನ್ನು ಏನೆಂದು ಕರೆಯಬೇಕು ಎಂಬುದನ್ನು ಇಂದು ಸ್ವಲ್ಪ ಪರಿಶೀಲಿಸೋಣ.

ಮೊದಲು ಮಾತಿನ ಮೂಲ. ಲ್ಯಾಟಿನ್ ಭಾಷೆಯಲ್ಲಿ ‘ದಾರೆ’ ಎಂದರೆ ಕೊಡುವುದು. ಅದರ ಹಿಂದೆ, ‘ಮರಳಿ’ ಎಂಬರ್ಥದ ಉಪಸರ್ಗವನ್ನು ಸೇರಿಸಿದರೆ ‘ರೆದ್ದೆರೆ’, ಎಂದರೆ ಹಿಂದಕ್ಕೆ ಕೊಡುವುದು ಎಂದಾಯಿತು. ಇದು ಫ್ರೆಂಚಿನಲ್ಲಿ ರೂಪ ಬದಲಾಯಿಸಿ ಇಂಗ್ಲಿಷಿನ ‘ರೆಂಡರ್’ ಎಂಬ ಕ್ರಿಯಾಪದವಾಯಿತು. ಅದರ ಭಾವನಾಮ ‘ರೆಂಡಿಷನ್’. ಗೇಣಿ, ಬಾಡಿಗೆ ಎಂಬರ್ಥದ ‘ರೆಂಟ್’ ಎಂಬ ಪದವೂ, ಶರಣಾಗತಿಯನ್ನು ಹೇಳುವ ‘ಸರೆಂಡರ್’ ಎಂಬ ಪದವೂ ಇದೇ ಮನೆತನದವು.

ಈ ಲ್ಯಾಟಿನ್ ಧಾತುವು ನಮಗೆ ದೂರದ್ದೇನೂ ಅಲ್ಲ. ಸಂಸ್ಕೃತದ ‘ದಾ’ ಧಾತುವೂ ಇದೂ ಒಂದೇ ಬೇರಿನ ಎರಡು ಚಿಗುರುಗಳೆಂದು ಭಾಷಾಶಾಸ್ತ್ರಜ್ಞರು ನಿಶ್ಚಯಿಸಿದ್ದಾರೆ. ದಾನ, ದಾತೃ, ಪ್ರದಾನ, ದತ್ತ — ಇವೆಲ್ಲವೂ ಆ ಬೇರಿನಿಂದ ಬಂದವು. ಇಲ್ಲಿ ‘ದತ್ತ’ ಎಂಬ ಪದವನ್ನು ಶ್ರೋತೃಗಳು ಸ್ವಲ್ಪ ನೆನಪಿನಲ್ಲಿಡಬೇಕು. ಏಕೆಂದರೆ ಮೈಸೂರಿನ ರೆಂಡಿಷನ್ ನಡೆದುದೇ ಒಂದು ದತ್ತಸ್ವೀಕಾರದ ಬಲದಿಂದ. ಧಾತು ಒಂದೇ ಎಂಬುದು ಆಕಸ್ಮಿಕವಾದರೂ, ಮಗುವನ್ನು ಕೊಟ್ಟದ್ದಕ್ಕೂ ರಾಜ್ಯವನ್ನು ಮರಳಿ ಕೊಟ್ಟದ್ದಕ್ಕೂ ಇದ್ದ ಸಂಬಂಧ ಮಾತ್ರ ಆಕಸ್ಮಿಕವಲ್ಲ.

ಇನ್ನು ಪ್ರಯೋಗಗಳು. ಇಂಗ್ಲಿಷಿನಲ್ಲಿ ಈ ಪದಕ್ಕೆ ಮುಖ್ಯವಾಗಿ ನಾಲ್ಕು ಅರ್ಥಗಳನ್ನು ಎಣಿಸಬಹುದು. ಎಲ್ಲಕ್ಕಿಂತ ಹಳೆಯದು ಯುದ್ಧಕ್ಕೆ ಸಂಬಂಧಪಟ್ಟದ್ದು. 17ನೆಯ ಶತಮಾನದಲ್ಲಿ, ಮುತ್ತಿಗೆಗೆ ಸಿಕ್ಕಿದ ಕೋಟೆಯನ್ನು ಒಳಗಿನವರು ಶತ್ರುವಿಗೆ ಬಿಟ್ಟುಕೊಡುವುದಕ್ಕೆ ರೆಂಡಿಷನ್ ಎನ್ನುತ್ತಿದ್ದರು. ಎರಡನೆಯದು ಭಾಷಾಂತರ. ಒಂದು ನುಡಿಯ ಗ್ರಂಥವನ್ನು ಇನ್ನೊಂದು ನುಡಿಗೆ ತಂದರೆ ಅದೂ ರೆಂಡಿಷನ್ನೇ. ಬಸವಪ್ಪ ಶಾಸ್ತ್ರಿಗಳ ಕನ್ನಡ ಶಾಕುಂತಲವನ್ನೂ, ಬಿ. ಎಂ. ಶ್ರೀಕಂಠಯ್ಯನವರು 1926ರಲ್ಲಿ ಪ್ರಕಟಿಸಿದ ‘ಇಂಗ್ಲಿಷ್ ಗೀತಗಳು’ ಎಂಬ ಸಂಗ್ರಹವನ್ನೂ ಈ ಅರ್ಥದಲ್ಲಿ ರೆಂಡಿಷನ್ ಎನ್ನಬಹುದು. ಮೂರನೆಯದು ಸಂಗೀತ ನಾಟಕಗಳ ಪ್ರದರ್ಶನ. ಇದು 19ನೆಯ ಶತಮಾನದಲ್ಲಿ ಅಮೆರಿಕದವರ ಬಳಕೆಯಿಂದ ಹರಡಿತು. ದಸರಾ ಕಚೇರಿಯಲ್ಲಿ ವಿದ್ವಾಂಸರೊಬ್ಬರು ಹಾಡಿದ ಕೃತಿಯನ್ನು ಇಂಗ್ಲಿಷ್ ಪತ್ರಿಕೆಗಳು ಹೊಗಳುವಾಗ ಬರುವುದು ಈ ಅರ್ಥ.

ನಾಲ್ಕನೆಯದು ನ್ಯಾಯಾಂಗದ ಪ್ರಯೋಗ. ತಪ್ಪಿಸಿಕೊಂಡು ಬಂದವನನ್ನು ಹಿಡಿದು, ಅವನು ಎಲ್ಲಿಂದ ಓಡಿಬಂದನೋ ಅಲ್ಲಿಯವರ ವಶಕ್ಕೆ ಕೊಡುವುದು. ಅಮೆರಿಕದಲ್ಲಿ ಈ ಪದಕ್ಕೆ ಒಂದು ಕಹಿಯಾದ ಚರಿತ್ರೆಯುಂಟು. 1850ರಲ್ಲಿ ಅಲ್ಲಿ ಆದ ಕಾನೂನಿನ ಮೇರೆಗೆ, ಗುಲಾಮಗಿರಿಯಿಂದ ಓಡಿಬಂದವರನ್ನು ಹಿಡಿದು ‘ಒಡೆಯ’ನಿಗೆ ಹಿಂದಿರುಗಿಸಬೇಕಾಗಿತ್ತು. 1854ರಲ್ಲಿ ಆಂತೊನಿ ಬರ್ನ್ಸ್ ಎಂಬಾತನನ್ನು ಬಾಸ್ಟನ್ ನಗರದಿಂದ ವರ್ಜೀನಿಯಕ್ಕೆ ಹೀಗೆ ಸಾಗಿಸಿದಾಗ, ಆ ಊರಿನ ಜನರ ಪ್ರತಿಭಟನೆಯನ್ನು ತಡೆಯಲು ಸೈನ್ಯವನ್ನೇ ಬೀದಿಯಲ್ಲಿ ನಿಲ್ಲಿಸಬೇಕಾಯಿತು. 2001ರ ತರುವಾಯ, ಶಂಕಿತರಾದವರನ್ನು ಯಾವ ನ್ಯಾಯಾಲಯದ ವಿಚಾರಣೆಯೂ ಇಲ್ಲದೆ ಗುಟ್ಟಾಗಿ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಸಾಗಿಸಿದ ಕ್ರಮಕ್ಕೂ, ‘ಅಸಾಮಾನ್ಯ’ ಎಂಬ ವಿಶೇಷಣವನ್ನು ಮುಂದಿಟ್ಟು, ಇದೇ ಹೆಸರನ್ನು ಕೊಟ್ಟರು.

ಕೋಟೆ, ಕಾವ್ಯ, ಕೃತಿ, ಕೈದಿ — ಇಷ್ಟು ಭಿನ್ನವಾದ ವಸ್ತುಗಳನ್ನು ಒಂದೇ ಮಾತು ಹೇಗೆ ಹೊತ್ತಿತೆಂದು ಆಶ್ಚರ್ಯವಾಗಬಹುದು. ಸೂಕ್ಷ್ಮವಾಗಿ ನೋಡಿದರೆ ಇವುಗಳ ನಡುವೆ ಒಂದು ದಾರವಿದೆ. ಕೈಯಲ್ಲಿರುವ ವಸ್ತು ತನ್ನದಲ್ಲ, ಅಥವಾ ಇನ್ನು ಮುಂದೆ ತನ್ನದಾಗಿ ಉಳಿಯತಕ್ಕದ್ದಲ್ಲ, ಅದು ಸೇರಬೇಕಾದ ಸ್ಥಳ ಬೇರೆ ಇದೆ ಎಂಬ ಭಾವವೇ ಆ ದಾರ. ಗಾಯಕನ ಕಂಠದಲ್ಲಿರುವ ಕೃತಿ ವಾಗ್ಗೇಯಕಾರನದು. ಭಾಷಾಂತರಕಾರನ ಲೇಖನಿಯಲ್ಲಿರುವ ಅರ್ಥ ಮೂಲಕವಿಯದು. ಆದಕಾರಣ ‘ರೆಂಡಿಷನ್’ ಎಂದು ನುಡಿದವನು, ತಿಳಿದೋ ತಿಳಿಯದೆಯೋ, ವಸ್ತುವಿನ ಒಡೆತನದ ವಿಷಯದಲ್ಲಿ ಒಂದು ತೀರ್ಪನ್ನೇ ಕೊಟ್ಟಂತಾಗುತ್ತದೆ. ಆ ತೀರ್ಪು ನ್ಯಾಯವಾದದ್ದೇ ಆಗಬೇಕೆಂಬ ನಿಯಮವಿಲ್ಲ. ಬರ್ನ್ಸನ ವಿಷಯದಲ್ಲಿ ಅದು ಘೋರವಾದ ಅನ್ಯಾಯವಾಗಿತ್ತು. ಮನುಷ್ಯನಿಗೆ ಇನ್ನೊಬ್ಬ ಮನುಷ್ಯನು ಒಡೆಯನೆಂದು ಆ ಮಾತು ಒಪ್ಪಿಕೊಂಡಿತ್ತು. ಮೈಸೂರಿನ ವಿಷಯದಲ್ಲಿ ಅದು ಯಾರ ಪರವಾಗಿ ನಿಂತಿತು ಎಂಬುದು ಈಗ ನಾವು ನೋಡಬೇಕಾದದ್ದು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ, ಐದು ವರ್ಷದ ಬಾಲಕರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಅದೇ ಜೂನ್ 30ರಂದು ಪಟ್ಟವಾಯಿತು. ಜುಲೈ 8ರಂದು ಆದ ಸಹಾಯಕ ಸೈನ್ಯದ ಒಪ್ಪಂದದಂತೆ ಮೈಸೂರು ವರ್ಷಕ್ಕೆ 7 ಲಕ್ಷ ವರಹಗಳನ್ನು ಕಂಪೆನಿಗೆ ಕೊಡತಕ್ಕದ್ದು. ಆ ಹಣ ತಪ್ಪುವ ಭಯ ತೋರಿದರೆ ಕಂಪೆನಿಯು ಆಡಳಿತವನ್ನು ತನ್ನ ಕೈಗೆ ತೆಗೆದುಕೊಳ್ಳಬಹುದು ಎಂಬ ಷರತ್ತೂ ಅದರಲ್ಲಿತ್ತು. 1830ರಲ್ಲಿ ನಗರದ ಸೀಮೆಯಲ್ಲಿ ರೈತರ ದಂಗೆ ಎದ್ದಿತು. 1831ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕನು ಈ ಷರತ್ತನ್ನು ಆಧಾರ ಮಾಡಿಕೊಂಡು ಆಡಳಿತವನ್ನು ವಹಿಸಿಕೊಂಡನು. ಬೆಂಗಳೂರಿನಲ್ಲಿ ಕಮಿಷನರರ ಆಳ್ವಿಕೆ ಪ್ರಾರಂಭವಾಯಿತು. ಮಹಾರಾಜರು ವರ್ಷಕ್ಕೆ ಒಂದು ಲಕ್ಷ ವರಹ ಮತ್ತು ನಿವ್ವಳ ಹುಟ್ಟುವಳಿಯ ಐದನೆಯ ಒಂದು ಪಾಲು ಪಡೆದುಕೊಂಡು ಮೈಸೂರಿನ ಅರಮನೆಯಲ್ಲಿ ಉಳಿದರು.

ನಮ್ಮ ಹಳ್ಳಿಗರು ಚೆನ್ನಾಗಿ ಬಲ್ಲ ಒಂದು ವ್ಯವಹಾರವುಂಟು. ಸಾಲಗಾರನು ಜಮೀನನ್ನು ಭೋಗ್ಯಕ್ಕೆ ಬಿಡುತ್ತಾನೆ. ಸಾಲ ಕೊಟ್ಟವನು ಅದನ್ನು ಉತ್ತು ಬಿತ್ತಿ ಫಲ ತಿನ್ನುತ್ತಾನೆ. ಆದರೂ ಜಮೀನು ಅವನದಾಗುವುದಿಲ್ಲ. ಬಾಕಿ ತೀರಿದ ದಿನ ಬಿಟ್ಟುಕೊಡಬೇಕು. 1831ರಲ್ಲಿ ಮೈಸೂರಿಗೆ ಆದದ್ದೂ ಇಂತಹದೇ, ಕಾರಣ ತೀರಿದ ಕೂಡಲೆ ರಾಜ್ಯ ಹಿಂದಿರುಗಬೇಕು ಎಂಬುದು ಮಹಾರಾಜರ ವಾದ. ಬಾಕಿ ತೀರಿ ಎಷ್ಟು ವರ್ಷವಾದರೂ ಭೂಮಿ ಬರಲಿಲ್ಲ. ಅವರು ಮನವಿಯ ಮೇಲೆ ಮನವಿ ಬರೆದರು. 1861ರಲ್ಲಿ ಬರೆದ ಮನವಿಗೂ ಮರುವರ್ಷ ನಿರಾಕರಣೆಯ ಉತ್ತರವೇ ಬಂದಿತು.

ಈ ನಡುವೆ ಬೇರೆ ಎರಡು ಇಂಗ್ಲಿಷ್ ಪದಗಳು ಮೈಸೂರಿನ ಮೇಲೆ ಕಣ್ಣಿಟ್ಟಿದ್ದುವು. ಒಂದು ‘ಲ್ಯಾಪ್ಸ್’, ಎಂದರೆ ಜಾರಿಹೋಗುವುದು. ಔರಸಪುತ್ರನಿಲ್ಲದೆ ಅರಸನು ತೀರಿಕೊಂಡರೆ ರಾಜ್ಯವು ಕಂಪೆನಿಗೆ ಜಾರುತ್ತದೆ ಎಂಬ ನೀತಿ ಅದು. ದತ್ತುಪುತ್ರನ ಹಕ್ಕನ್ನು ಒಪ್ಪದಿದ್ದುದರಿಂದಲೇ 1824ರಲ್ಲಿ ಕಿತ್ತೂರಿನಲ್ಲಿ ಯುದ್ಧವಾಯಿತು. ಡಾಲ್‌ಹೌಸಿಯ ಕಾಲದಲ್ಲಿ ಸಾತಾರ, ಝಾನ್ಸಿ, ನಾಗಪುರಗಳು ಹೀಗೆಯೇ ಹೋದುವು. ಮೈಸೂರಿನ ಮಹಾರಾಜರ ಕಾಲಾನಂತರ ಆ ರಾಜ್ಯವೂ ಹೀಗೆ ಬರಬಹುದೆಂಬ ನಿರೀಕ್ಷೆಯನ್ನು ಡಾಲ್‌ಹೌಸಿಯು 1856ರಲ್ಲಿ ಬರೆದಿಟ್ಟನು. ಎರಡನೆಯ ಪದ ‘ರಿವರ್ಷನ್’, ಎಂದರೆ ಕೊಟ್ಟವನಿಗೇ ಸ್ವತ್ತು ಹಿಂದಿರುಗುವುದು. 1799ರಲ್ಲಿ ಮೈಸೂರನ್ನು ಗೆದ್ದವರು ತಾವು, ಕೊಟ್ಟವರು ತಾವು, ಆದ್ದರಿಂದ ಒಡೆಯರ ಆಯುಸ್ಸು ಮುಗಿದ ಕೂಡಲೆ ಅದು ತಮ್ಮನ್ನೇ ಸೇರುತ್ತದೆ ಎಂಬುದು ಈ ಮಾತಿನ ಒಳಗುಟ್ಟು. ಮೇಜರ್ ಇವಾನ್ಸ್ ಬೆಲ್ ಎಂಬಾತನು 1865ರಲ್ಲಿ ‘ಮೈಸೂರ್ ರಿವರ್ಷನ್’ ಎಂಬ ಹೆಸರಿನಲ್ಲಿಯೇ ಪುಸ್ತಕ ಬರೆದು ಈ ವಾದವನ್ನು ಖಂಡಿಸಿದನು.

ವಾದವೆಲ್ಲ ನಿಂತಿದ್ದುದು ಒಪ್ಪಂದದ ಮಾತುಗಳ ಮೇಲೆಯೇ ಎಂಬುದನ್ನು ಗಮನಿಸಬೇಕು. ಆ ಒಪ್ಪಂದದಲ್ಲಿ ಮಹಾರಾಜರ ‘ವಾರಸುದಾರರು, ಉತ್ತರಾಧಿಕಾರಿಗಳು’ ಎಂಬ ಶಬ್ದಗಳಿಲ್ಲ, ಆದುದರಿಂದ ಅದು ಒಬ್ಬರ ಜೀವಿತಕ್ಕೆ ಮಾತ್ರ ಎಂದು ಒಂದು ಪಕ್ಷ ಹೇಳಿತು. ಸೂರ್ಯಚಂದ್ರರಿರುವವರೆಗೂ ಎಂದು ಅದರಲ್ಲಿಯೇ ಬರೆದಿದೆಯಲ್ಲ, ಒಬ್ಬ ಮನುಷ್ಯನ ಆಯುಸ್ಸು ಅಷ್ಟು ದೀರ್ಘವೇ ಎಂದು ಇನ್ನೊಂದು ಪಕ್ಷ ಕೇಳಿತು. ನಮ್ಮ ಶಾಸನಗಳಲ್ಲಿ ‘ಆಚಂದ್ರಾರ್ಕ’ ಎಂದು ಕೆತ್ತಿಸಿದ ದಾನವನ್ನು ಒಬ್ಬರ ಜೀವಿತದ ದಾನವೆಂದು ಯಾವ ಶಾನುಭೋಗನೂ ಓದುತ್ತಿರಲಿಲ್ಲ.

ಕೊನೆಗೆ ಪ್ರಶ್ನೆ ಬಗೆಹರಿದುದು ‘ದತ್ತ’ ಎಂಬ ಮಾತಿನಿಂದ. 1865ರ ಜೂನ್ 18ರಂದು, 70 ವರ್ಷದ ಕೃಷ್ಣರಾಜ ಒಡೆಯರು ಬೆಟ್ಟದಕೋಟೆಯ ಮನೆತನದ ಎರಡು ವರ್ಷದ ಶಿಶುವನ್ನು ದತ್ತು ತೆಗೆದುಕೊಂಡರು. ಅದಕ್ಕೆ ಮುಂಚಿತವಾಗಿ ಒಪ್ಪಿಗೆ ದೊರೆತಿರಲಿಲ್ಲ. 1867ರ ಏಪ್ರಿಲ್ 16ರಂದು ಲಂಡನ್ನಿನಿಂದ ಭಾರತಮಂತ್ರಿ ಸರ್ ಸ್ಟಾಫರ್ಡ್ ನಾರ್ತ್‌ಕೋಟನ ನಿರ್ಣಯ ಹೊರಟಿತು: ಮೈಸೂರಿನಲ್ಲಿ ಅದೇ ರಾಜವಂಶವೇ ಮುಂದುವರಿಯತಕ್ಕದ್ದು, ದತ್ತುಪುತ್ರನು ಪ್ರಾಪ್ತವಯಸ್ಕನಾಗಿ ಯೋಗ್ಯನೆಂದು ಕಂಡುಬಂದಲ್ಲಿ ಆಡಳಿತವನ್ನು ಅವನಿಗೆ ವಹಿಸತಕ್ಕದ್ದು. ಮರುವರ್ಷ ಮಾರ್ಚಿ 27ರಂದು ಮುಮ್ಮಡಿಯವರು ತೀರಿಕೊಂಡರು. 37 ವರ್ಷಗಳ ಕಾಲ ಕೇಳಿದ್ದು ಅವರ ಕೈಗೆ ಬರಲಿಲ್ಲ. ಆದರೆ ಅದು ಬರುವ ದಾರಿ ತೆರೆದುದನ್ನು ನೋಡಿ ಅವರು ಕಣ್ಣು ಮುಚ್ಚಿದರು.

1881ರಲ್ಲಿ ಆ ದಿನ ಬಂದಾಗ ಏನಾಯಿತು? ಜನರೂ ಚರಿತ್ರಕಾರರೂ ರೆಂಡಿಷನ್ ಎಂದರು. ಸರಕಾರವು ಬರೆದುಕೊಟ್ಟ ಪತ್ರದ ಹೆಸರು ಮಾತ್ರ ‘ಇನ್‌ಸ್ಟ್ರುಮೆಂಟ್ ಆಫ್ ಟ್ರಾನ್ಸ್‌ಫರ್’, ಎಂದರೆ ವರ್ಗಾವಣೆಯ ಪತ್ರ. ‘ವರ್ಗಾಯಿಸು’ ಎಂದರೆ ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸು ಎಂದಷ್ಟೇ. ಮೊದಲು ಯಾರದಾಗಿತ್ತು ಎಂಬ ಪ್ರಶ್ನೆಯನ್ನು ಅದು ಎತ್ತುವುದೇ ಇಲ್ಲ. ಪತ್ರದ ಒಳಗಿನ ಧೋರಣೆಯೂ ಹಾಗೆಯೇ. ಸರಕಾರವು ದೀರ್ಘಕಾಲದಿಂದ ಈ ಸೀಮೆಯನ್ನು ಸ್ವಾಧೀನದಲ್ಲಿಟ್ಟುಕೊಂಡು ಸುಧಾರಿಸಿದೆ, ಇನ್ನು ಮುಂದೆ ಷರತ್ತುಗಳಿಗೊಳಪಡಿಸಿ ಮಹಾರಾಜರಿಗೆ ವಹಿಸುತ್ತಿದೆ ಎಂಬುದು ಅದರ ಸಾರಾಂಶ. ಷರತ್ತುಗಳನ್ನು ನಡೆಸಿಕೊಂಡು ಬರುವವರೆಗೆ ಮಾತ್ರ ರಾಜ್ಯ. ಉತ್ತರಾಧಿಕಾರಕ್ಕೆ ಸರಕಾರದ ಮನ್ನಣೆ ಬೇಕು. ಗವರ್ನರ್ ಜನರಲರು ಕೊಟ್ಟ ಸಲಹೆಯಂತೆ ನಡೆಯಬೇಕು. ವಾರ್ಷಿಕ ಪೊಗದಿ 24½ ಲಕ್ಷ ರೂಪಾಯಿಗಳಿಂದ 35 ಲಕ್ಷಕ್ಕೆ ಏರಿತು. ಬೆಂಗಳೂರಿನ ದಂಡುಪ್ರದೇಶ ಬ್ರಿಟಿಷರ ಕೈಯಲ್ಲಿಯೇ ಉಳಿಯಿತು. ಅದರ ಬದಲಾಗಿ ಶ್ರೀರಂಗಪಟ್ಟಣದ ದ್ವೀಪ ಮೈಸೂರಿಗೆ ಬಂದಿತು.

ಹೀಗೆ ಒಂದೇ ಕಾರ್ಯಕ್ಕೆ ಎರಡು ಹೆಸರು. ಒಂದರಲ್ಲಿ ಹಕ್ಕಿನ ಧ್ವನಿ, ಇನ್ನೊಂದರಲ್ಲಿ ಅನುಗ್ರಹದ ಧ್ವನಿ. ಹಿಂದಕ್ಕೆ ಕೊಟ್ಟದ್ದಾದರೆ ಕೊಟ್ಟವನಿಗೆ ಷರತ್ತು ಹಾಕುವ ಅಧಿಕಾರವೆಲ್ಲಿಯದು? ಹೊಸದಾಗಿ ದಯಪಾಲಿಸಿದ್ದಾದರೆ ಪಡೆದವನು ಗೊಣಗುವಂತಿಲ್ಲ. ಈ ಭೇದ ಕೇವಲ ಪಂಡಿತರ ಚರ್ಚೆಯಲ್ಲವೆಂಬುದಕ್ಕೆ ಮುಂದಿನ ಚರಿತ್ರೆಯೇ ಸಾಕ್ಷಿ. 1913ರ ನವೆಂಬರ್ 26ರ ದಿನಾಂಕದ ಹೊಸ ಒಪ್ಪಂದವು ವರ್ಗಾವಣೆಯ ಪತ್ರದ ಸ್ಥಾನವನ್ನು ಆಕ್ರಮಿಸಿತು. ‘ಪತ್ರ’ ಹೋಗಿ ‘ಒಪ್ಪಂದ’ ಬಂದುದರಲ್ಲಿ, ಪಡೆಯುವವರೂ ಒಂದು ಪಕ್ಷವೆಂಬ ಮಾನ್ಯತೆ ಅಡಗಿತ್ತು. ಹೆಚ್ಚಿಸಿದ್ದ 10½ ಲಕ್ಷ ರೂಪಾಯಿಯ ಪೊಗದಿಯನ್ನು ಬಿಡುವುದಾಗಿ ವೈಸರಾಯ್ ಇರ್ವಿನ್ ಪ್ರಭುಗಳು ಪ್ರಕಟಿಸಿದುದು 1927ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತೋತ್ಸವದ ವರ್ಷದಲ್ಲಿ. ಬೆಂಗಳೂರಿನ ದಂಡುಪ್ರದೇಶ ಮೈಸೂರಿಗೆ ಹಿಂದಿರುಗಿದ್ದು 1947ರಲ್ಲಿ. ಆ ಹಿಂದಿರುಗುವಿಕೆಗೆ ಇಂಗ್ಲಿಷರು ‘ರೆಟ್ರೋಸೆಷನ್’ ಎಂಬ ಬೇರೆ ಪದವನ್ನು ಬಳಸಿದರು. ಹೊರದೇಶಗಳಲ್ಲಿಯೂ ರೆಂಡಿಷನ್ ಎಂಬ ಮಾತು ಇದೇ ಅರ್ಥದಲ್ಲಿ ನಡೆದಿದೆ. ಚೀನಾದೇಶದ ವೇಹೈವೇ ಎಂಬ ರೇವನ್ನು ಬ್ರಿಟಿಷರು 1930ರಲ್ಲಿ ಆ ದೇಶಕ್ಕೆ ಬಿಟ್ಟುಕೊಟ್ಟ ಒಡಂಬಡಿಕೆಯ ಹೆಸರಿನಲ್ಲಿಯೇ ಈ ಪದವಿದೆ.

ಇನ್ನು ಕನ್ನಡದಲ್ಲಿ ಇದಕ್ಕೆ ಏನನ್ನಬೇಕು? ‘ಹಸ್ತಾಂತರ’ ಎಂದರೆ ಸರಕಾರದ ಪತ್ರದ ಪದವನ್ನೇ ಒಪ್ಪಿದಂತಾಯಿತು. ‘ಬಿಟ್ಟುಕೊಡುವುದು’ ಎಂದರೆ ಸೋತವನ ಮಾತು. ಅದು ಕೋಟೆಗೆ ಸಲ್ಲುತ್ತದೆ, ಇಲ್ಲಿಗಲ್ಲ. ‘ಪುನಃಪ್ರದಾನ’ ಎಂಬುದರಲ್ಲಿ ದಾನದ ವಾಸನೆ ಉಳಿದಿದೆ. ‘ಪ್ರತ್ಯರ್ಪಣೆ’ ಒಳ್ಳೆಯ ಪದ. ಕಾಳಿದಾಸನ ಕಣ್ವನು ಮಗಳನ್ನು ಪತಿಗೃಹಕ್ಕೆ ಕಳುಹಿಸಿದ ಮೇಲೆ, ಇಟ್ಟುಕೊಂಡಿದ್ದ ನ್ಯಾಸವನ್ನು ಒಡೆಯನಿಗೆ ಸೇರಿಸಿದವನಂತೆ ನಿರಾಳನಾಗುತ್ತಾನೆ. ಪ್ರತ್ಯರ್ಪಣೆಯ ಭಾವ ಅದೇ. ಆದರೆ ಅದು ಗ್ರಂಥದ ಪದ, ನಾಲಗೆಯ ಪದವಲ್ಲ.

ನನ್ನ ಅಭಿಪ್ರಾಯದಲ್ಲಿ, ಇಂಗ್ಲಿಷಿನ ಈ ಮಾತಿಗೆ ಅತ್ಯಂತ ಸಮೀಪವಾದದ್ದು ನಮ್ಮ ಅಚ್ಚಗನ್ನಡದ ‘ಒಪ್ಪಿಸು’. ಅದರ ವ್ಯಾಪ್ತಿಯನ್ನು ನೋಡಿರಿ. ಮಕ್ಕಳು ಮೇಷ್ಟರ ಮುಂದೆ ಪಾಠ ಒಪ್ಪಿಸುತ್ತಾರೆ. ಅದು ಗಾಯಕನ ರೆಂಡಿಷನ್ನಿನ ತಮ್ಮ. ಕಳ್ಳನನ್ನು ಹಿಡಿದವರು ಠಾಣೆಗೆ ಒಪ್ಪಿಸುತ್ತಾರೆ. ಭಕ್ತರು ದೇವರಿಗೆ ಹರಕೆ ಒಪ್ಪಿಸುತ್ತಾರೆ. ಮದುವೆಯ ಕೊನೆಗೆ ಹೆಣ್ಣು ಒಪ್ಪಿಸುವ ಶಾಸ್ತ್ರವಾಗುತ್ತದೆ. ಗುಮಾಸ್ತೆಯು ಯಜಮಾನನಿಗೆ ಲೆಕ್ಕ ಒಪ್ಪಿಸುತ್ತಾನೆ. ‘ಲೆಕ್ಕ ಒಪ್ಪಿಸು’ ಎಂಬುದಕ್ಕೆ ಇಂಗ್ಲಿಷಿನಲ್ಲಿಯೂ ‘ರೆಂಡರ್’ ಎಂಬ ಕ್ರಿಯಾಪದವನ್ನೇ ಬಳಸುತ್ತಾರೆ. ‘ಮರಳಿ’ ಎಂಬ ಒಂದು ಮಾತನ್ನು ಸೇರಿಸಿ ‘ಮರಳಿ ಒಪ್ಪಿಸುವುದು’ ಎಂದರೆ ಅರ್ಥ ಪೂರ್ಣವಾಗುತ್ತದೆ.

ಕನ್ನಡದ ಪದದಲ್ಲಿ ಇಂಗ್ಲಿಷಿನಲ್ಲಿಲ್ಲದ ಒಂದು ಗುಣವೂ ಉಂಟು. ‘ಒಪ್ಪಿಸು’ ಎಂಬುದು ‘ಒಪ್ಪು’ ಎಂಬುದರ ಪ್ರೇರಣಾರ್ಥಕ ರೂಪ. ತೆಗೆದುಕೊಳ್ಳುವವನು ಒಪ್ಪದೆ ಒಪ್ಪಿಸುವಿಕೆ ಮುಗಿಯುವುದಿಲ್ಲ. ಮೇಷ್ಟರು ತಲೆದೂಗುವವರೆಗೆ ಪಾಠ ಒಪ್ಪಿಸಿದಂತಲ್ಲ, ಯಜಮಾನನು ಸರಿಯೆನ್ನುವವರೆಗೆ ಲೆಕ್ಕ ಒಪ್ಪಿಸಿದಂತಲ್ಲ.

ಈ ಅಳತೆಯಿಂದ 1881ನ್ನು ಅಳೆದರೆ ಏನು ಕಾಣುತ್ತದೆ? ಕಮಿಷನರರ ಕಾಲದಲ್ಲಿ ರಸ್ತೆಗಳಾದುವು, ಕಚೇರಿಗಳು ಕ್ರಮಕ್ಕೆ ಬಂದುವು, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ 1876ರಿಂದ 1878ರವರೆಗಿನ ಮಹಾಕ್ಷಾಮವೂ ಆ ಕಾಲದ್ದೇ. 1871ರ ಖಾನೇಷುಮಾರಿಯಲ್ಲಿ 50 ಲಕ್ಷ 55 ಸಾವಿರವಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ 41 ಲಕ್ಷ 86 ಸಾವಿರಕ್ಕೆ ಇಳಿದಿತ್ತು. ಬೊಕ್ಕಸದ ಮೇಲೆ 80 ಲಕ್ಷ ರೂಪಾಯಿಗಳ ಸಾಲವಿತ್ತು. ಮರಳಿ ಒಪ್ಪಿಸಿದ ಮನೆಯಲ್ಲಿ ಆರು ಜನರಲ್ಲಿ ಒಬ್ಬರು ಇರಲಿಲ್ಲ. ಆ ಲೆಕ್ಕವನ್ನು ಒಪ್ಪಿಸಿಕೊಂಡವರು ಯಾರು ಎಂಬ ಪ್ರಶ್ನೆಗೆ ವರ್ಗಾವಣೆಯ ಪತ್ರದಲ್ಲಿ ಉತ್ತರವಿಲ್ಲ.

ಉತ್ತರದ ಮೊದಲ ಅಕ್ಷರ ಬರೆದವರು ದಿವಾನ್ ರಂಗಾಚಾರ್ಲು ಅವರು. ರಾಜ್ಯ ಕೈಗೆ ಬಂದು ಏಳು ತಿಂಗಳು ತುಂಬುವುದರೊಳಗೆ, 1881ರ ಅಕ್ಟೋಬರ್ 7ರಂದು, 144 ಮಂದಿ ರೈತರನ್ನೂ ವರ್ತಕರನ್ನೂ ಸೇರಿಸಿ ಪ್ರಜಾಪ್ರತಿನಿಧಿ ಸಭೆಯನ್ನು ನೆರೆಯಿಸಿ, ಸರಕಾರದ ಆದಾಯ ವೆಚ್ಚಗಳ ವರದಿಯನ್ನು ಅವರ ಮುಂದಿಟ್ಟರು. ಆ ಸದಸ್ಯರು ಚುನಾಯಿತರಲ್ಲ. ಚುನಾವಣೆ ಬಂದದ್ದು 1891ರಲ್ಲಿ. ತಡೆಯುವ ಅಧಿಕಾರವೂ ಅವರಿಗಿರಲಿಲ್ಲ. ಹಾಗಿದ್ದರೂ ಆಳುವವರು ಪ್ರಜೆಗಳಿಗೆ ಲೆಕ್ಕ ಒಪ್ಪಿಸತಕ್ಕವರೆಂಬ ಮಾತು ಅಂದು ಮೈಸೂರಿನಲ್ಲಿ ಕಾರ್ಯರೂಪಕ್ಕೆ ಇಳಿಯಿತು. ಮಾರ್ಚಿಯಲ್ಲಿ ನಡೆದದ್ದು ಅರಸರಿಗೆ ಆದ ರೆಂಡಿಷನ್. ಪ್ರಜೆಗಳಿಗೆ ಆಗಬೇಕಾದ ರೆಂಡಿಷನ್ ಅಕ್ಟೋಬರಿನಲ್ಲಿ ಮೊದಲಾಗಿ, 1947ರ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಜವಾಬ್ದಾರಿ ಸರಕಾರ ಬರುವವರೆಗೆ 66 ವರ್ಷ ಹಿಡಿಯಿತು.

ನಮ್ಮ ಊರಿನಲ್ಲಿ ಈ ಮಾತಿನ ಗುರುತುಗಳು ಇನ್ನೂ ನಿಂತಿವೆ. ಜಿಲ್ಲಾಧಿಕಾರಿಗಳ ಹಳೆಯ ಕಚೇರಿಯ ಮುಂದೆ, ಆಡಳಿತವನ್ನು ಒಪ್ಪಿಸಿದ ಕಾಲದ ಚೀಫ್ ಕಮಿಷನರ್ ಸರ್ ಜೇಮ್ಸ್ ಗಾರ್ಡನ್ನರ ಪ್ರತಿಮೆಯಿದೆ. ವೃತ್ತದಲ್ಲಿ, ಒಪ್ಪಿಸಿಕೊಂಡ ಚಾಮರಾಜೇಂದ್ರ ಒಡೆಯರು ನಿಂತಿದ್ದಾರೆ. ಪುರಭವನವು ಲೆಕ್ಕ ಒಪ್ಪಿಸಿದ ರಂಗಾಚಾರ್ಲು ಅವರ ಹೆಸರನ್ನು ಹೊತ್ತಿದೆ. ಶ್ರೋತೃಗಳು ಇನ್ನು ಮುಂದೆ ಯಾವ ಪತ್ರಿಕೆಯಲ್ಲಾದರೂ ರೆಂಡಿಷನ್ ಎಂಬ ಪದವನ್ನು ಕಂಡಾಗ, ಅದು ಹಾಡಿನದಾಗಲಿ, ಕೈದಿಯದಾಗಲಿ, ನಾಡಿನದಾಗಲಿ, ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಅರ್ಥ ತಪ್ಪುವುದಿಲ್ಲ: ವಸ್ತು ಯಾರದು, ಒಪ್ಪಿಸುತ್ತಿರುವವರು ಯಾರು, ಒಪ್ಪಿಕೊಳ್ಳಬೇಕಾದವರನ್ನು ಯಾರಾದರೂ ಕೇಳಿದರೇ.